ಹಾನಿಯ ಲೆಕ್ಕ, ಹಕ್ಕಿನ ಮಾತು

ಸ್ತ್ರೀ ಜನನಾಂಗ ಛೇದನವನ್ನು ನಿಲ್ಲಿಸುವ ಅಂತರರಾಷ್ಟ್ರೀಯ ಪ್ರಯತ್ನಕ್ಕೆ ನಿರ್ಣಯಗಳ ಕೊರತೆ ಎಂದೂ ಇರಲಿಲ್ಲ. 1979ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಖಾರ್ಟೂಮಿನಲ್ಲಿ ವಿಚಾರ ಸಂಕಿರಣ ನಡೆಸಿತು. 2003ರ ಮಪುಟೊ ಒಪ್ಪಂದದಲ್ಲಿ ಆಫ್ರಿಕಾದ ದೇಶಗಳೇ ನಿಷೇಧಕ್ಕೆ ಒಪ್ಪಿದವು. 2012ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ದನಿಗೂಡಿಸಿತು. ಆದರೂ ಯುನಿಸೆಫ್ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಛೇದನಕ್ಕೊಳಗಾದ 23 ಕೋಟಿಗೂ ಹೆಚ್ಚು ಹೆಣ್ಣುಮಕ್ಕಳು ನಮ್ಮ ನಡುವೆ ಬದುಕಿದ್ದಾರೆ. 2030ರೊಳಗೆ ಇದನ್ನು ಕೊನೆಗಾಣಿಸಬೇಕಾದರೆ ಈಗಿನ ವೇಗ 27 ಪಟ್ಟು ಹೆಚ್ಚಬೇಕು. ಪದ್ಧತಿ ಇರುವ ದೇಶಗಳಲ್ಲಿ ಜನಸಂಖ್ಯೆ ಬೆಳೆಯುತ್ತಿರುವುದು ಇದಕ್ಕೊಂದು ಕಾರಣ. ಇನ್ನೊಂದು ಕಾರಣ ಪ್ರಚಾರ ಹಿಡಿದ ದಾರಿಯಲ್ಲೇ ಇದೆ. ಬಹುಕಾಲ ಅದು ಹಾನಿಯ ಬಗ್ಗೆ ಮಾತಾಡಿದಷ್ಟು ಹಕ್ಕಿನ ಬಗ್ಗೆ ಮಾತಾಡಲಿಲ್ಲ.

ರಕ್ತಸ್ರಾವ, ನಂಜು, ಹೆರಿಗೆಯ ತೊಡಕು: ಇವೆಲ್ಲ ನಿಜವೇ. ಧರ್ಮ, ಸಂಪ್ರದಾಯಗಳ ತಂಟೆಗೆ ಹೋಗದೆ ಹೇಳಬಹುದಾದ ಮಾತಾದ್ದರಿಂದ ಆರೋಗ್ಯದ ವಾದ ಎಲ್ಲರಿಗೂ ಅನುಕೂಲವೆನಿಸಿತು. ಈಜಿಪ್ಟ್ ಅದಕ್ಕೆ ತನ್ನದೇ ಅರ್ಥ ಹಚ್ಚಿತು. 1994ರಲ್ಲಿ ಕೈರೋದ ಜನಸಂಖ್ಯಾ ಸಮ್ಮೇಳನ ನಡೆಯುತ್ತಿದ್ದಾಗಲೇ ಕ್ಷೌರಿಕನೊಬ್ಬ ಬಾಲಕಿಯೊಬ್ಬಳ ಛೇದನ ಮಾಡುವ ದೃಶ್ಯ ಸಿಎನ್‌ಎನ್‌ನಲ್ಲಿ ಪ್ರಸಾರವಾಯಿತು. ಮುಜುಗರಕ್ಕೊಳಗಾದ ಸರ್ಕಾರ ಛೇದನವನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡಲು ಅವಕಾಶ ಕೊಟ್ಟಿತು. ಆ ಆದೇಶ ಬೇಗನೆ ರದ್ದಾಯಿತು, 2008ರಲ್ಲಿ ಛೇದನವೇ ಅಪರಾಧವಾಯಿತು. ಆದರೆ 2014ರ ಸಮೀಕ್ಷೆಯ ಹೊತ್ತಿಗೆ ಛೇದನಕ್ಕೊಳಗಾದ ಬಾಲಕಿಯರಲ್ಲಿ ನೂರಕ್ಕೆ ಸುಮಾರು 80 ಮಂದಿಗೆ ಅದನ್ನು ಮಾಡಿದ್ದವರು ವೈದ್ಯಕೀಯ ಸಿಬ್ಬಂದಿ. ಅಪಾಯವಿದೆ ಎಂದು ಕೇಳಿಸಿಕೊಂಡ ತಾಯ್ತಂದೆಯರು ಛೇದನವನ್ನು ಬಿಡಲಿಲ್ಲ, ಡಾಕ್ಟರನ್ನು ಹುಡುಕಿಕೊಂಡರು.

'ಶುಚಿಯಾಗಿ ಮಾಡುತ್ತೇವೆ' ಎಂಬ ಉತ್ತರದ ಬೆನ್ನಿಗೇ 'ಸಣ್ಣದಾಗಿ ಮಾಡುತ್ತೇವೆ' ಎಂಬುದೂ ಬರುತ್ತದೆ. ದಾವೂದಿ ಬೋಹ್ರಾ ಸಮುದಾಯದಲ್ಲಿ ನಡೆಯುವ, ಖತ್ನಾ ಎಂದು ಕರೆಯುವ ಛೇದನದ ಸಮರ್ಥಕರು ಹೇಳುವುದು ಇದನ್ನೇ. ಆಸ್ಟ್ರೇಲಿಯಾದಲ್ಲಿ ಇದು ನ್ಯಾಯಾಲಯದ ಮೆಟ್ಟಿಲೇರಿತು. ಕೆಳ ನ್ಯಾಯಾಲಯದಲ್ಲಿ ಶಿಕ್ಷೆಯಾಗಿದ್ದವರು 2018ರಲ್ಲಿ ಮೇಲ್ಮನವಿ ಗೆದ್ದರು. 2019ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿ, ಗಾಯ ಎಷ್ಟೇ ಚಿಕ್ಕದಿರಲಿ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದಿತು. ಭಾರತದಲ್ಲಿ ಸಹಿಯೋ, ವೀ ಸ್ಪೀಕ್ ಔಟ್ ಸಂಘಟನೆಗಳ ಬೋಹ್ರಾ ಮಹಿಳೆಯರೇ ಬಾಯಿ ತೆರೆದರೂ 2017ರಲ್ಲಿ ಸರ್ಕಾರ ಇಂಥ ಪದ್ಧತಿಯ ಬಗ್ಗೆ ಅಧಿಕೃತ ಮಾಹಿತಿಯೇ ಇಲ್ಲವೆಂದಿತು. 2018ರಲ್ಲಿ ಸುಪ್ರೀಂ ಕೋರ್ಟು ಈ ಪದ್ಧತಿಯ ವಿರುದ್ಧದ ಪ್ರಕರಣವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತು.

ಹಾಗಾದರೆ ಕಾನೂನು ಸಾಕೇ? ಗ್ಯಾಂಬಿಯಾದ ಅನುಭವ ಇಲ್ಲವೆನ್ನುತ್ತದೆ. ಸರ್ವಾಧಿಕಾರಿ ಯಾಹ್ಯಾ ಜಮ್ಮೆ 2015ರಲ್ಲಿ ಒಂದೇ ಏಟಿಗೆ ನಿಷೇಧ ಹೇರಿದ. ಮೊದಲ ಬಾರಿಗೆ ಶಿಕ್ಷೆಯಾದದ್ದು 2023ರಲ್ಲಿ. ಮೂವರು ಮಹಿಳೆಯರಿಗೆ ದಂಡ ಬಿತ್ತು, ಅದನ್ನು ಕಟ್ಟಲು ಇಮಾಮರೊಬ್ಬರು ಮುಂದಾದರು. ಮರುವರ್ಷದ ಮಾರ್ಚ್‌ನಲ್ಲಿ ನಿಷೇಧವನ್ನೇ ತೆಗೆಯುವ ಮಸೂದೆಯನ್ನು ಮುಂದಿನ ಹಂತಕ್ಕೆ ಒಯ್ಯಲು ಸಂಸತ್ತಿನಲ್ಲಿ 42 ಮತ ಬಿದ್ದವು, ವಿರೋಧಕ್ಕೆ ಸಿಕ್ಕಿದ್ದು 4. ಜುಲೈನಲ್ಲಿ ಮಸೂದೆ ಬಿದ್ದುಹೋದದ್ದು ಸ್ಥಳೀಯ ಮಹಿಳೆಯರ ಪಟ್ಟುಬಿಡದ ಹೋರಾಟದಿಂದ. ನಿಷೇಧ ಉಳಿಯಿತು, ಆದರೆ ಅದರ ಬೇರು ಎಷ್ಟು ಮೇಲಿದೆ ಎಂಬುದೂ ಬಯಲಾಯಿತು.

ಈ ಎಲ್ಲ ಪ್ರಯತ್ನಗಳಲ್ಲಿ ನನಗೆ ಹೆಚ್ಚು ತೂಕದ್ದೆನಿಸುವುದು ಸೆನೆಗಲ್‌ನದು. ಮಾಲಿ ಮೆಲ್ಚಿಂಗ್ ಕಟ್ಟಿದ ತೋಸ್ತಾನ್ ಸಂಸ್ಥೆ ಛೇದನದಿಂದ ಶುರುಮಾಡಲೇ ಇಲ್ಲ. ಊರಿನ ಭಾಷೆಯಲ್ಲಿ ಓದುಬರಹ, ಆರೋಗ್ಯ, ಹಕ್ಕುಗಳ ಪಾಠ ನಡೆಸಿತು. 1997ರಲ್ಲಿ ಮಾಲಿಕುಂಡಾ ಬಂಬಾರಾ ಎಂಬ ಹಳ್ಳಿಯ ಹೆಂಗಸರು ತಾವಾಗಿಯೇ ಪದ್ಧತಿಯನ್ನು ಕೈಬಿಡುವುದಾಗಿ ಸಾರಿದರು. ಇಮಾಮ್ ದೆಂಬಾ ದಿಯಾವಾರಾ ಒಂದು ಹೆಜ್ಜೆ ಮುಂದೆ ಯೋಚಿಸಿದರು: ಹೆಣ್ಣು ಕೊಟ್ಟು ತರುವ ಊರುಗಳೆಲ್ಲ ಒಪ್ಪದೆ ಒಂದೇ ಹಳ್ಳಿ ಬಿಟ್ಟರೆ ಮಗಳ ಮದುವೆ ಆಗುವುದು ಹೇಗೆ? ನೆಂಟರ ಹಳ್ಳಿಗಳಿಗೆ ನಡೆದುಕೊಂಡೇ ಹೋಗಿ ಮಾತಾಡಿದರು. ಚೀನಾದಲ್ಲಿ ಕಾಲು ಕಟ್ಟುವ ಪದ್ಧತಿ ಅಳಿದದ್ದೂ ಹೀಗೆಯೇ, ಕುಟುಂಬಗಳು ಒಟ್ಟಾಗಿ ಪಣತೊಟ್ಟಾಗ ಎಂದು ವಿದ್ವಾಂಸ ಗೆರಿ ಮ್ಯಾಕಿ 1996ರಲ್ಲೇ ವಾದಿಸಿದ್ದರು. 1980ರ ಕೋಪನ್‌ಹೇಗನ್ ಮಹಿಳಾ ಸಮ್ಮೇಳನದಲ್ಲಿ ಆಫ್ರಿಕಾದ ಮಹಿಳೆಯರು ಪಾಶ್ಚಾತ್ಯರ ಉಪದೇಶದ ದನಿಯನ್ನು ವಿರೋಧಿಸಿದ್ದರು. ಹಕ್ಕಿನ ಮಾತು ಊರಿನ ಬಾಯಿಂದಲೇ ಹೊರಡಬಹುದು ಎಂದು ಮಾಲಿಕುಂಡಾ ತೋರಿಸಿಕೊಟ್ಟಿತು.

ಆದರೆ ಇಲ್ಲೂ ಒಂದು ಕೊರತೆಯಿದೆ. ಹೀಗೆ ಘೋಷಿಸಿದ ಸಮುದಾಯಗಳು ಈಗ ಹಲವು ದೇಶಗಳಲ್ಲಿ ಸಾವಿರಾರು. ಸೆನೆಗಲ್‌ನ ವಯಸ್ಕ ಮಹಿಳೆಯರಲ್ಲಿ ಛೇದನಕ್ಕೊಳಗಾದವರ ಪ್ರಮಾಣ ಮಾತ್ರ 2005ರಲ್ಲಿ ಶೇ. 28 ಇದ್ದದ್ದು 2019ರಲ್ಲಿ ಸುಮಾರು ಶೇ. 25. ಬಾಲ್ಯದಲ್ಲೇ ಛೇದನವಾದವರು ಈ ಲೆಕ್ಕದಲ್ಲಿ ಇದ್ದೇ ಇರುವುದರಿಂದ ಇಳಿತ ನಿಧಾನವಾಗಿ ಕಾಣುತ್ತದೆ, ಒಪ್ಪೋಣ. ಅದಕ್ಕಾಗಿಯೇ ಎಣಿಸಬೇಕಾದದ್ದು ಬೇರೆ. ದೇಣಿಗೆದಾರರು ಸಮಾರಂಭಗಳನ್ನು ಎಣಿಸಿ ವರದಿ ಬರೆಯುವುದನ್ನು ಬಿಟ್ಟು, ಘೋಷಿಸಿದ ಊರುಗಳಿಗೆ ಹತ್ತು ವರ್ಷದ ಬಳಿಕ ಮರಳಿ ಹೋಗಿ, ಆಮೇಲೆ ಹುಟ್ಟಿದ ಹೆಣ್ಣುಮಕ್ಕಳ ಸ್ಥಿತಿಯನ್ನು ಕೇಳಬೇಕು. ಹಣ ಹೋಗಬೇಕಾದದ್ದು ಊರಿನ ಭಾಷೆಯ ಆ ತರಗತಿಗಳಿಗೆ. ಶುಚಿಯಾಗಿ ಮಾಡುತ್ತೇವೆ, ಸಣ್ಣದಾಗಿ ಮಾಡುತ್ತೇವೆ ಎಂಬ ಜಾಣತನಕ್ಕೆ ಹಾನಿಯ ಪಟ್ಟಿ ಉತ್ತರ ಕೊಡಲಾರದು, 'ಅವಳನ್ನು ಕೇಳಿದಿರಾ?' ಎಂಬ ಪ್ರಶ್ನೆ ಕೊಡಬಲ್ಲದು.