ಅಡ್ಡ ಮಲಗಿದ ಮರಗಳು

ಈ ವಾರ ಫ್ರೆಂಚ್ ಚಿತ್ರಕಾರ ಮೊನೆಯ ನೈದಿಲೆ ಕೊಳದ ಸರದಿ ಎಂದು ಹೇಳಿದ್ದೆ. ಬರೆಯಲು ಕೂತರೆ ಕೈ ಏಳಲಿಲ್ಲ. ಕ್ಯಾಲೆಂಡರಿನಲ್ಲಿ, ಕಾಫಿ ಮಗ್ಗಿನಲ್ಲಿ, ದಿಂಬಿನ ಕವರಿನಲ್ಲಿ ನೋಡಿ ನೋಡಿ ಆ ನೈದಿಲೆ ಬಾಡಿಹೋಗಿದೆ. ಅದಕ್ಕಿಂತ ಮೂರು ಸಾವಿರ ವರ್ಷಕ್ಕೂ ಹಳೆಯ ಕೊಳವೊಂದಿದೆ, ಅಲ್ಲಿಗೇ ಹೋಗೋಣ.

ಕ್ರಿ.ಪೂ. 1350ರ ಸುಮಾರು. ಈಜಿಪ್ಟಿನ ಥೀಬ್ಸ್‌ನಲ್ಲಿ ಅಮುನ್ ದೇವರ ಧಾನ್ಯದ ಲೆಕ್ಕ ಬರೆಯುತ್ತಿದ್ದ ನೆಬಮುನ್ ಎಂಬ ಶ್ಯಾನುಭೋಗ ತನ್ನ ಸಮಾಧಿಯ ಗೋಡೆಯ ಮೇಲೆ ಬರೆಸಿಕೊಂಡ ತೋಟ ಅದು. ಗೋಡೆಯಿಂದ ಕಿತ್ತು ತಂದ ತುಂಡು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕೊಳ ಮೇಲಿನಿಂದ ಕಂಡಂತಿದೆ. ಅದರೊಳಗಿನ ಬಾತು, ಮೀನು ಮಾತ್ರ ಮಗ್ಗುಲಿನಿಂದ. ಒಂದು ಬದಿಯ ಮರಗಳಂತೂ ಅಡ್ಡಡ್ಡ ಮಲಗಿವೆ.

'ಪಾಪ, ಪರ್ಸ್‌ಪೆಕ್ಟಿವ್ ಗೊತ್ತಿರಲಿಲ್ಲ' ಎನ್ನುವ ಪಂಡಿತರ ಜತೆ ನನ್ನ ಜಗಳ ಹಳೆಯದು. ಚೈತ್ರದ ರಂಗೋಲಿಯಲ್ಲಿ ತುಳಸಿಕಟ್ಟೆ ಎದುರಿನಿಂದ, ಪಕ್ಕದ ಗೋಪದ್ಮ ಮೇಲಿನಿಂದ. ಅದನ್ನು ತಪ್ಪೆಂದು ಒರೆಸಿದ ಅಜ್ಜಿಯನ್ನು ನಾನು ಕಂಡಿಲ್ಲ. ಕಲಾ ಇತಿಹಾಸಕಾರ ಗೊಂಬ್ರಿಕ್ 1950ರಷ್ಟು ಹಿಂದೆಯೇ ಇಂಥದೊಂದು ಥೀಬ್ಸ್ ಕೊಳವನ್ನಿಟ್ಟುಕೊಂಡು ಬಿಡಿಸಿ ಹೇಳಿದ್ದರು: ಕಂಡದ್ದನ್ನಲ್ಲ, ಇರುವುದನ್ನು ಒಂದೂ ಬಿಡದೆ ಬರೆಯಬೇಕಿತ್ತು. ನನಗಂತೂ ಇದು ಸ್ವತ್ತಿನ ಪಟ್ಟಿಯಂತೆ ಕಾಣುತ್ತದೆ. ಸತ್ತವನು ಈ ತೋಟದಲ್ಲಿ ಬಾಳಬೇಕು. ಮರದ ಹಿಂದೆ ಮರ ಮರೆಯಾದರೆ ಅದರ ಹಣ್ಣು ಅವನಿಗೆ ಸಿಗುವುದೆಂತು? ಖರ್ಜೂರವನ್ನೂ ಕಾಯಿ, ದೋರೆ, ಹಣ್ಣು ಎಂದು ಬೇರೆ ಬೇರೆ ಹದದಲ್ಲಿ ಬರೆದಿದ್ದಾರೆ. ಲೆಕ್ಕದವನ ತೋಟವಲ್ಲವೇ!

ಎಡಗಡೆ ನಮ್ಮ ಅತ್ತಿಯ ದಾಯಾದಿ ಮರವೊಂದು ಯಜಮಾನನಿಗೆ ಸ್ವಾಗತ ಹೇಳುತ್ತದೆ. ಅದರ ಮಾತು ಚಿತ್ರಲಿಪಿಯಲ್ಲಿ ಪಕ್ಕದಲ್ಲೇ ಇದೆ. ನೀರಿನ ಅಲೆಗಳಿಗೆ ಬಳಿದಿದ್ದ ಕಡುನೀಲಿ ಬಹುಪಾಲು ಉದುರಿದೆ. ಕೊಳ ಇಷ್ಟು ನಿಶ್ಚಲವಾಗಿ ಕಾಣುವುದಕ್ಕೆ ಅದೂ ಒಂದು ಕಾರಣ. ಶಾಂತಿ, ಶಾಂತಿ ಎಂದು ನಾವು ಮೆಚ್ಚುವುದರಲ್ಲಿ ಉದುರಿದ ಬಣ್ಣದ ಪಾಲೂ ಇದೆ.

ಬಲ ಮೂಲೆಯ ಮರದಿಂದ ದೇವತೆಯೊಬ್ಬಳು ಬಾಗಿದ್ದಾಳೆ. ಕಲಾವಿದರು ಮೊದಲು ಅವಳ ಮೈಗೆ ಗಂಡಸರ ಕೆಂಪು ಬಳಿದುಬಿಟ್ಟು, ಆಮೇಲೆ ನಾಲಿಗೆ ಕಚ್ಚಿಕೊಂಡು ಹಳದಿ ಹಚ್ಚಿದ್ದಾರೆ. ಹಣ್ಣು, ಪಾನೀಯ ಹಿಡಿದು ಅವಳು ಕೈ ಚಾಚಿದ್ದು ನೆಬಮುನ್‌ಗೆ. ಅವನಿದ್ದ ಕಡೆಯ ಗೋಡೆ ಉಳಿದಿಲ್ಲ.