ಸೋರುವ ಡಬ್ಬಿ, ಖಾಲಿ ಸಾಲು

ದಿನನಿತ್ಯದ ಬದುಕಲ್ಲೇ ಕಾವ್ಯ ಇದೆ ಅಂತ ಎಲ್ಲರೂ ಹೇಳ್ತಾರೆ. ನಾನೂ ಹೇಳ್ತಿದ್ದೆ. ಅಪ್ಪ ತೀರಿಕೊಂಡ ವರ್ಷ ಅವರ ಟಿಫಿನ್ ಡಬ್ಬಿ ಬಗ್ಗೆ ಒಂದು ಪುಟ ಬರೆದೆ. ಡಬ್ಬಿಯೊಳಗೆ ಬೆಳದಿಂಗಳು, ಮುಚ್ಚಳದ ಮೇಲೆ ಮೌನ, ಇತ್ಯಾದಿ. ಅಮ್ಮ ಓದಿ, ‘ಇದ್ಯಾವ ಡಬ್ಬಿನೋ? ನಮ್ಮದು ಸೋರ್ತಿತ್ತು. ವಾರಕ್ಕೆರಡು ಸಲ ನಿಮ್ಮಪ್ಪ ಬ್ಯಾಗ್ ತೊಳೀತಿದ್ರು’ ಅಂದಳು.

ಆಮೇಲೆ ಜಯಂತ ಕಾಯ್ಕಿಣಿಯವರ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕತೆಯನ್ನ ಮತ್ತೆ ಓದಿದೆ. ಮುಂಬಯಿಯ ಒಬ್ಬ ಹುಡುಗ, ಒಬ್ಬ ಹುಡುಗಿ ತಮ್ಮ ಲಗ್ನಪತ್ರಿಕೆ ಹೇಗಿರಬೇಕು ಅಂತ ತಲೆ ಕೆಡಿಸಿಕೊಂಡಿದ್ದಾರೆ. ಇಬ್ಬರಿಗೂ ಹಿಂದುಮುಂದು ಯಾರಿಲ್ಲ. ‘ಇಂಥವರ ಮಗ, ಇಂಥವರ ಮಗಳು’ ಅನ್ನೋ ಜಾಗಕ್ಕೆ ಏನು ಬರೆಯೋದು? ನಾವು ಓದದೇ ದಾಟಿಬಿಡೋ ಸಾಲು ಅವರಿಗೆ ದೊಡ್ಡ ಪರೀಕ್ಷೆ. ಕಾಯ್ಕಿಣಿ ಆ ಪತ್ರಿಕೆಯನ್ನ ಚಂದಗಾಣಿಸೋಕೆ ಹೋಗಲ್ಲ. ಅದು ಯಾರನ್ನ ಹೊರಗಿಡುತ್ತೆ ಅಂತ ನೋಡ್ತಾರೆ. ಕತೆ ಹುಟ್ಟೋದು ಅಲ್ಲಿ.

ಹಾಗಂತ ತಕರಾರೇ ಇಲ್ಲ ಅಂತಲ್ಲ. ಅವರು ಕವಿಯೂ ಹೌದು. ಉಪಮೆಗಳು ಒಂದರ ಹಿಂದೊಂದು ಬಂದಾಗ ಮುಂಬಯಿಯ ಬಡತನವೂ ಒಮ್ಮೊಮ್ಮೆ ಬೆಚ್ಚಗೆ ಕಾಣುತ್ತೆ. ಈ ಕತೆಯನ್ನ ಉಳಿಸೋದು ಪತ್ರಿಕೆಯ ಖಾಲಿ ಸಾಲು. ಯಾವ ಉಪಮೆಯೂ ಅದನ್ನ ತುಂಬಲಾರದು. ತೇಜಸ್ವಿನಿ ನಿರಂಜನ ಅನುವಾದಿಸಿದ ಇದೇ ಹೆಸರಿನ ಇಂಗ್ಲಿಷ್ ಸಂಕಲನಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ಅಂಥ ಖಾಲಿ ಸಾಲು ಯಾವ ಭಾಷೆಯಲ್ಲೂ ಅರ್ಥವಾಗುತ್ತೆ, ಅಲ್ವಾ?

ನನ್ನ ಪುಟ ಹರಿದುಹಾಕಿದೆ. ಮತ್ತೆ ಬರೆಯೋಕೆ ಕೂತಾಗ ಮೊದಲು ನೆನಪಾಗಿದ್ದು ಬ್ಯಾಗಿನ ತಳದ ಸಾರಿನ ಕಲೆ. ಎಷ್ಟು ತೊಳೆದರೂ ಅದು ಹೋಗಿರಲಿಲ್ಲ.