ನ್ಯಾನೊ ಕಣವನ್ನು ಯಾರಿಗಾಗಿ ಹುಡುಕಬೇಕು?

ಅಥಣಿಯಲ್ಲೋ ರಾಯಬಾಗದಲ್ಲೋ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಲಿವರ್‌ನಲ್ಲಿ ಎರಡು ಸೆಂಟಿಮೀಟರಿನ ಗಡ್ಡೆ ಕಂಡರೆ, ಸಾಮಾನ್ಯವಾಗಿ ಸಿಗುವ ಸಲಹೆ ‘ಸಿಟಿ ಮಾಡಿಸಿ’. ಕಾಗವಾಡದವರು ಮಿರಜಿಗೆ, ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಚಿಕ್ಕೋಡಿಯವರು ಬೆಳಗಾವಿಗೆ ಹೊರಡುತ್ತಾರೆ. ಅಲ್ಟ್ರಾಸೌಂಡಿಗೆ ನ್ಯಾನೊ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲೆಂದು ದೇಹಕ್ಕೆ ಸೇರಿಸುವ ನ್ಯಾನೊ ಕಣ) ಬಳಸುವ ಹೊಸ ವಿಧಾನಗಳಿಗೆ ಇಂಥ ರೋಗಿಯನ್ನು ಎದುರಿಗಿಟ್ಟುಕೊಂಡೇ ಬೆಲೆ ಕಟ್ಟಬೇಕು ಎಂಬುದು ನನ್ನ ವಾದ.

ನ್ಯಾನೊ ಕಣದ ತೊಡಕು ಇರುವುದು ಅದರ ಅಳತೆಯಲ್ಲಿ. 5 ಮೆಗಾಹರ್ಟ್ಸ್ ಶಬ್ದದ ಅಲೆ ದೇಹದೊಳಗೆ ಸುಮಾರು 0.3 ಮಿಲಿಮೀಟರ್ ಉದ್ದ. 100 ನ್ಯಾನೊಮೀಟರ್ ಕಣ ಅದಕ್ಕಿಂತ ಮೂರು ಸಾವಿರ ಪಟ್ಟು ಚಿಕ್ಕದು. ಇಷ್ಟು ಸಣ್ಣ ಕಣದ ವ್ಯಾಸ ಅರ್ಧಕ್ಕಿಳಿದರೆ ಅದು ಚದುರಿಸುವ ಶಬ್ದ 64ರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಹಾಗಾಗಿ ಬರೀ ಪ್ರತಿಧ್ವನಿ ನಂಬಿದರೆ ಸಾಲದು, ಕಣವನ್ನು ಬೇರೆ ರೀತಿಯಲ್ಲಿ ಮಾತಾಡಿಸಬೇಕು.

ಚಿನ್ನದ ಕಣಗಳಿಗೆ ಲೇಸರ್ ಹಾಯಿಸಿ ಅವು ಹೊಮ್ಮಿಸುವ ಶಬ್ದ ಹಿಡಿಯುವ ಫೋಟೊಅಕೌಸ್ಟಿಕ್ ವಿಧಾನ ಸುಂದರವಾಗಿದೆ. ಆದರೆ ಬೆಳಕು ಮೈಯೊಳಗೆ ಕೆಲವೇ ಸೆಂಟಿಮೀಟರ್ ಇಳಿಯುತ್ತದೆ. ಕಬ್ಬಿಣದ ಆಕ್ಸೈಡ್ ಕಣವನ್ನು ಆಯಸ್ಕಾಂತದಿಂದ ಅಲುಗಾಡಿಸಿ ಆ ಚಲನೆಯನ್ನು ಗುರುತಿಸುವ ವಿಧಾನಕ್ಕೂ ಆಳವೇ ಶತ್ರು, ದೂರ ಹೋದಂತೆ ಆಯಸ್ಕಾಂತದ ಬಲ ಸೋಲುತ್ತದೆ. ಇಲಿಯ ಮೈಯಲ್ಲಿ ಗೆದ್ದದ್ದು ದೊಡ್ಡವರ ಪಕ್ಕೆಲುಬಿನಡಿಯ ಲಿವರ್‌ನಲ್ಲೂ ಗೆಲ್ಲುತ್ತದೆ ಎನ್ನಲಾಗದು. ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಪರ್‌ಫ್ಲೂರೊಕಾರ್ಬನ್ ನ್ಯಾನೊಹನಿ. ಅದು ಗಡ್ಡೆಯ ಸೋರುವ ರಕ್ತನಾಳದಿಂದ ಹೊರನುಸುಳಬಲ್ಲದು, ಶಬ್ದದ ಒತ್ತಡಕ್ಕೆ ಆವಿಯಾಗಿ ಗುಳ್ಳೆಯಾಗುತ್ತದೆ. ಆಗ ಪ್ರತಿಧ್ವನಿ ಜೋರು. ಆದರೆ ಆವಿಯಾಗಿಸಲು ಬೇಕಾದ ಒತ್ತಡ ಸುತ್ತಲಿನ ಅಂಗಾಂಶಕ್ಕೆ ಹಾನಿ ಮಾಡದಂತಿರಬೇಕು. ಆ ಲೆಕ್ಕ ಇನ್ನೂ ಪೂರ್ತಿ ಮುಗಿದಿಲ್ಲ.

ಇಷ್ಟರ ನಡುವೆ, ಕೆಲವು ಮೈಕ್ರೊಮೀಟರ್ ಅಗಲದ ಅನಿಲಗುಳ್ಳೆಗಳು ಆಗಲೇ ಕೆಲಸಕ್ಕೆ ನಿಂತಿವೆ. ಇಂಥ ಗುಳ್ಳೆಗಳ ಕಾಂಟ್ರಾಸ್ಟ್ ಔಷಧವಾದ ಸೋನೊವ್ಯೂ ಯುರೋಪಿನಲ್ಲಿ 2001ರಲ್ಲಿ ಒಪ್ಪಿಗೆ ಪಡೆಯಿತು. ಅಮೆರಿಕ 2016ರಲ್ಲಿ ಲಿವರ್ ಪರೀಕ್ಷೆಗೆ ಒಪ್ಪಿತು. ಈ ಗುಳ್ಳೆಗಳು ರಕ್ತನಾಳ ಬಿಟ್ಟು ಹೊರಬಾರವು, ನಿಜ. ಆದರೂ ಪರದೆಯ ಮೇಲೆ ಅವು ತೋರಿಸುವುದು ಕಡಿಮೆಯಲ್ಲ: ಕ್ಯಾನ್ಸರ್ ಅಲ್ಲದ ಹೆಮಾಂಜಿಯೋಮಾ ಗಡ್ಡೆ ಅಂಚಿನಿಂದ ಒಳಕ್ಕೆ ನಿಧಾನವಾಗಿ ತುಂಬಿ ಬೆಳಗುತ್ತದೆ, ಲಿವರ್ ಕ್ಯಾನ್ಸರ್ ಸಾಮಾನ್ಯವಾಗಿ ಬೇಗ ಬೆಳಗಿ ಆಮೇಲೆ ಮಂಕಾಗುತ್ತದೆ. ಅನಿಲ ಉಸಿರಿನಲ್ಲೇ ಹೊರಹೋಗುವುದರಿಂದ ಕಿಡ್ನಿಗೆ ಹೊರೆಯಿಲ್ಲ, ಎಕ್ಸ್‌ರೇ ವಿಕಿರಣವೂ ಇಲ್ಲ. ತೀವ್ರ ಅಲರ್ಜಿ ಅಪರೂಪ, ಆದರೂ ಎಚ್ಚರ ಬೇಕು.

ಈ ಗುಳ್ಳೆಯ ಪರೀಕ್ಷೆಗೆ ಬೇಕಾದದ್ದು ಕಾಂಟ್ರಾಸ್ಟ್ ಮೋಡ್ ಇರುವ ಯಂತ್ರ, ತರಬೇತಿ ಪಡೆದ ರೇಡಿಯಾಲಜಿಸ್ಟ್. ಬೆಳಗಾವಿಯ ವೈದ್ಯಕೀಯ ಕಾಲೇಜುಗಳು ನ್ಯಾನೊ ಸಂಶೋಧನೆ ಮಾಡಲಿ, ಜೊತೆಗೆ ಈ ಐದು ತಾಲ್ಲೂಕುಗಳ ಸ್ಕ್ಯಾನಿಂಗ್ ವೈದ್ಯರಿಗೆ ಗುಳ್ಳೆಯ ಪರೀಕ್ಷೆಯನ್ನು ಮೊದಲು ಕಲಿಸಲಿ.